ಹಲ್ಲು ಕೀಳಿಸುವ ದಿನ, ಆಮೇಲಿನ ಮೂರು ದಿನ

ನಾನು ಡಾಕ್ಟರ್ ಅಲ್ಲ, ಎಲೆಕ್ಟ್ರಿಷಿಯನ್. ಇಲ್ಲೇ ದುಬೈಯಲ್ಲಿ ಎರಡು ಹಲ್ಲು ಕೀಳಿಸಿಕೊಂಡಿದ್ದೇನೆ, ಅಷ್ಟೇ.

ನಮ್ಮ ರೂಮುಗಳಲ್ಲಿ ಹಲ್ಲುನೋವು ಬಂದರೆ ಮೊದಲು ಲವಂಗ, ಆಮೇಲೆ ಮಾತ್ರೆ, ಆಮೇಲೆ ‘ಊರಿಗೆ ಹೋದಾಗ ನೋಡೋಣ’. ರಜೆ ಇರೋದು ಎಂಟು ತಿಂಗಳ ಮೇಲೆ. ಕೀವು ಅಷ್ಟು ದಿನ ಕಾಯಲ್ಲ. ನೋವಿನ ಮಾತ್ರೆ ನೋವನ್ನು ಮುಚ್ಚುತ್ತೆ, ಕೀವನ್ನು ತೆಗೆಯಲ್ಲ.

ನಮಗೆಲ್ಲ ಹೆದರಿಕೆ ಇರೋದು ಕೀಳುವುದರ ಬಗ್ಗೆ. ಆದರೆ ಎಚ್ಚರ ಬೇಕಾಗಿರೋದು ಕಿತ್ತ ಮೇಲೆ.

ಹೋಗುವ ಮುಂಚೆ ಹೊಟ್ಟೆಗೆ ಏನಾದರೂ ತಿನ್ನಿ. ಬಿಪಿ, ಶುಗರ್, ರಕ್ತ ತೆಳು ಮಾಡುವ ಮಾತ್ರೆ, ಮೈಗೆ ಆಗದ ಔಷಧಿ ಇದ್ದರೆ ಡಾಕ್ಟರಿಗೆ ಹೇಳಿ. ಹಲ್ಲು ಉಳಿಸೋಕೆ ಆಗುತ್ತಾ, ಖರ್ಚೆಷ್ಟು, ಇನ್ಶೂರೆನ್ಸ್ ಕಾರ್ಡಿನಲ್ಲಿ ಹಲ್ಲಿನ ಚಿಕಿತ್ಸೆ ಸೇರಿದೆಯಾ ಅಂತ ಮೊದಲೇ ಕೇಳಿ.

ಇಂಜೆಕ್ಷನ್ ಚುಚ್ಚುವಾಗ ಚುರ್ ಅನ್ನುತ್ತೆ. ಸ್ವಲ್ಪ ಹೊತ್ತಿಗೆ ಆ ಜಾಗ ಮರಗಟ್ಟುತ್ತೆ. ಆಮೇಲೆ ಒತ್ತೋದು, ಅಲ್ಲಾಡಿಸೋದು, ಕಟಕಟ ಸದ್ದು ಎಲ್ಲಾ ಗೊತ್ತಾಗುತ್ತೆ. ಮೇನ್ ಆಫ್ ಮಾಡಿ ವೈರ್ ಎಳೆದ ಹಾಗೆ: ಎಳೆತ ಇರುತ್ತೆ, ಶಾಕ್ ಇರಲ್ಲ. ನೋವಾದರೆ ಕೈ ಎತ್ತಿ, ಇನ್ನೊಂದು ಇಂಜೆಕ್ಷನ್ ಕೊಡುತ್ತಾರೆ. ಮೇಲಿನ ಹಲ್ಲು ಕಿತ್ತರೆ ಕಣ್ಣು ಹೋಗುತ್ತೆ ಅನ್ನೋದು ಸುಳ್ಳು.

ಕಿತ್ತ ಮೇಲೆ ಇಟ್ಟ ಬಟ್ಟೆಯನ್ನು ಅರ್ಧ ಗಂಟೆಯಾದರೂ ಗಟ್ಟಿ ಕಚ್ಚಿ ಹಿಡೀರಿ. ಗುಳಿಯಲ್ಲಿ ರಕ್ತ ಹೆಪ್ಪುಗಟ್ಟುತ್ತೆ. ಆ ಹೆಪ್ಪೇ ಗಾಯದ ಮುಚ್ಚಳ. ಅದು ಎದ್ದು ಹೋದರೆ ಒಳಗಿನ ಮೂಳೆ ಬಯಲಾಗಿ, ಎರಡು ಮೂರು ದಿನದಲ್ಲಿ ಕಿವಿವರೆಗೂ ಸಿಡಿಯೋ ನೋವು ಬರುತ್ತೆ. ಇದಕ್ಕೆ ಡ್ರೈ ಸಾಕೆಟ್ ಅಂತಾರೆ. ಹಾಗಾದರೆ ಮತ್ತೆ ಡಾಕ್ಟರ್ ಹತ್ತಿರ ಹೋಗಲೇಬೇಕು.

ಅದಕ್ಕೇ ಮೊದಲ 24 ಗಂಟೆ ಉಗುಳಬೇಡಿ, ಬಾಯಿ ಮುಕ್ಕಳಿಸಬೇಡಿ, ಸ್ಟ್ರಾ ಹಾಕಿ ಹೀರಬೇಡಿ, ಬಿಸಿ ಚಹಾ ಕುಡಿಯಬೇಡಿ. ಸಿಗರೇಟು, ಶೀಶಾ, ಗುಟ್ಕಾ ಮೂರು ದಿನವಾದರೂ ಬೇಡ. ಮೊಸರನ್ನ, ಆರಿದ ಗಂಜಿ ಸಾಕು. ಮರುದಿನದಿಂದ ಉಗುರುಬೆಚ್ಚಗಿನ ಉಪ್ಪುನೀರಲ್ಲಿ ಮೆಲ್ಲಗೆ ಮುಕ್ಕಳಿಸಿ. ಮೊದಲ ದಿನ ಎಂಜಲು ಕೆಂಪಗಿದ್ದರೆ ಗಾಬರಿ ಬೇಡ. ರಕ್ತ ಒಸರುತ್ತಲೇ ಇದ್ದರೆ ಶುಭ್ರ ಬಟ್ಟೆ ಮತ್ತೆ ಕಚ್ಚಿ, ಆಗಲೂ ನಿಲ್ಲದಿದ್ದರೆ ಕ್ಲಿನಿಕ್ಕಿಗೆ ಹೋಗಿ. ರೂಮ್‌ಮೇಟ್ ಕೊಟ್ಟ ಮಾತ್ರೆ ಬೇಡ, ಡಾಕ್ಟರ್ ಬರೆದದ್ದೇ ತಗೊಳ್ಳಿ.

ಇನ್ನು ಡ್ಯೂಟಿ. ಅದೇ ದಿನ ಬಿಸಿಲಲ್ಲಿ ಲ್ಯಾಡರ್ ಹತ್ತಿ, ಕೇಬಲ್ ಹೊತ್ತರೆ ರಕ್ತ ಮತ್ತೆ ಶುರುವಾಗಬಹುದು. ಡಾಕ್ಟರ್ ಹತ್ತಿರ ಸಿಕ್ ಲೀವ್ ಚೀಟಿ ಕೇಳಿ ತಗೊಳ್ಳಿ, ಮೂರು ಕೆಲಸದ ದಿನದೊಳಗೆ ಕಂಪನಿಗೆ ಕೊಡಿ. ಯುಎಇಯ ಖಾಸಗಿ ಕಂಪನಿಗಳಲ್ಲಿ ಪ್ರೊಬೇಷನ್ ಮುಗಿಸಿದವರಿಗೆ ವರ್ಷಕ್ಕೆ 90 ದಿನದವರೆಗೆ ಸಿಕ್ ಲೀವ್ ಇದೆ, ಮೊದಲ 15 ದಿನಕ್ಕೆ ಪೂರ್ತಿ ಸಂಬಳ. ಇದು ಕಾನೂನು, ಫೋರ್‌ಮನ್ ಮಾಡುವ ಉಪಕಾರವಲ್ಲ.

ಜ್ವರ ಬಂದರೆ, ಊತ ಏರುತ್ತಲೇ ಹೋದರೆ ತಡ ಮಾಡದೆ ಡಾಕ್ಟರಿಗೆ ತೋರಿಸಿ. ನುಂಗೋಕೆ ಅಥವಾ ಉಸಿರಾಡೋಕೆ ಕಷ್ಟವಾದರೆ ಬೆಳಗಾಗಲಿ ಅನ್ನಬೇಡಿ. ಆಂಬುಲೆನ್ಸ್ ನಂಬರ್ 998.

ಒಬ್ಬರೇ ಹೋಗೋಕೆ ಧೈರ್ಯ ಸಾಲದಿದ್ದರೆ ರೂಮಿನವರೊಬ್ಬರನ್ನು ಕರ್ಕೊಂಡು ಹೋಗಿ. ರಜೆ ಬರಲಿ ಅಂತ ಮಾತ್ರ ಕಾಯಬೇಡಿ.