ಕೊನೆಗೆ ಹೋಗಿ ಕೂರುವ ಕ್ರಿಯಾಪದ

ಡಚ್ ಭಾಷೆಯ ಸಾದಾ ವಾಕ್ಯದಲ್ಲಿ ಕ್ರಿಯಾಪದ ಎರಡನೆಯ ಜಾಗ ಬಿಟ್ಟು ಕದಲದು. ‘ಇಕ್ ಲೇಸ್ ಹೆಟ್ ಬೂಕ್’, ಅಂದರೆ ನಾನು ಪುಸ್ತಕ ಓದುತ್ತೇನೆ. (‘ಲೇಸ್’ ನಮ್ಮ ಲೇಸಲ್ಲ, ಓದು!) ಆದರೆ ‘ನಾನು ಓದುವ ಪುಸ್ತಕ’ ಎನ್ನುವಾಗ ‘ಹೆಟ್ ಬೂಕ್ ದಟ್ ಇಕ್ ಲೇಸ್’. ಇಲ್ಲಿ ಕ್ರಿಯಾಪದ ಉಪವಾಕ್ಯದ ತುದಿಗೆ ಹೋಗಿ ಕೂತಿತು. ಕನ್ನಡಿಗರಿಗೆ ಇದು ಹಳೆಯ ನೆಂಟನ ಮುಖ ಕಂಡಂತೆ. ನಾವು ವಿವರವನ್ನು ನಾಮಪದಕ್ಕಿಂತ ಮೊದಲೇ ಹೇಳಿಬಿಡುತ್ತೇವೆ, ಅವರು ಆಮೇಲೆ ಹೇಳುತ್ತಾರೆ, ಅಷ್ಟೆ. ‘ಹೆಟ್’ ಎಂಬ ಉಪಪದ ಹತ್ತುವ ಏಕವಚನ ನಾಮಪದಕ್ಕೆ ಉಪವಾಕ್ಯವನ್ನು ಜೋಡಿಸುವ ಪದ ‘ದಟ್’, ಮಿಕ್ಕದ್ದಕ್ಕೆ ‘ದೀ’ ಎಂಬುದು ಬರೀ ಬಾಯಿಪಾಠದ ಕೆಲಸ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೊಂದು ಮಾತು: ‘ದ ಮನ್ ದೀ ದ ವ್ರೌ ಝಾಖ್’. ಹೆಂಗಸನ್ನು ನೋಡಿದ ಗಂಡಸೋ, ಹೆಂಗಸು ನೋಡಿದ ಗಂಡಸೋ? ಎರಡೂ ಹೌದು! ಒಂದು ಕಾಲಕ್ಕೆ ಡಚ್ಚಿನಲ್ಲೂ ವಿಭಕ್ತಿಗಳಿದ್ದವು, ಬಹುಪಾಲು ಉದುರಿಹೋದವು. ನಮ್ಮ ಪುಟ್ಟ ‘ಅನ್ನು’ ಮಾಡುವ ಕೆಲಸಕ್ಕೆ ಅಲ್ಲೀಗ ಆಳಿಲ್ಲ. ಯಾರು ಯಾರನ್ನು ನೋಡಿದರೆಂದು ಕೇಳುಗರೇ ಸಂದರ್ಭ ನೋಡಿ ತಿಳಿಯಬೇಕು. ನೋಡಿದವರು ಹಲವು ಹೆಂಗಸರಾದರೆ ಗುಟ್ಟು ರಟ್ಟು: ತುದಿಯ ‘ಝಾಖ್’ ‘ಝಾಖೆನ್’ ಆಗುತ್ತದೆ.