ಜೈಲು ಆಸ್ಪತ್ರೆಯಾಗಬಲ್ಲದೆ?

(ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)

 

ಇಂದಿನ ಗೋಷ್ಠಿಗೆ ಇಟ್ಟಿರುವ ವಿಷಯ ‘ನ್ಯಾಯ ಮತ್ತು ದಯೆ’. ಈ ಎರಡೂ ಒಟ್ಟಿಗೆ ಪರೀಕ್ಷೆಗೆ ನಿಲ್ಲುವ ಒಂದು ಜಾಗವನ್ನು ಮಾತ್ರ ನಿಮ್ಮ ಮುಂದಿಡುತ್ತೇನೆ. ಬುದ್ಧಿ ಸ್ಥಿಮಿತದಲ್ಲಿಲ್ಲದ ಒಬ್ಬ ಮನುಷ್ಯನ ಮೇಲೆ ಅಪರಾಧದ ಆರೋಪ ಬಂದಿದೆ. ಪೊಲೀಸರು ಹಿಡಿದು ತಂದಿದ್ದಾರೆ. ನ್ಯಾಯಾಧೀಶರು ಏನು ಕೇಳುತ್ತಿದ್ದಾರೆ ಎಂಬುದೇ ಅವನಿಗೆ ತಿಳಿಯುತ್ತಿಲ್ಲ. ಅವನನ್ನು ಎಲ್ಲಿಡಬೇಕು? ಜೈಲಿನಲ್ಲೋ, ಆಸ್ಪತ್ರೆಯಲ್ಲೋ? ಈ ಪ್ರಶ್ನೆಯೊಂದಿಗೆ ಅಮೆರಿಕ ಬಹುಕಾಲದಿಂದ ಹೆಣಗಾಡುತ್ತಿದೆ. ಅಲ್ಲಿಯ ಅನುಭವವನ್ನು ಮೊದಲು ಹೇಳಿ, ಆಮೇಲೆ ನಮ್ಮ ಕಾನೂನಿಗೆ ಬರುತ್ತೇನೆ.

ಒಂದು ಭೇದವನ್ನು ಮೊದಲೇ ತಿಳಿದುಕೊಳ್ಳೋಣ. ಅಪರಾಧ ನಡೆದ ಹೊತ್ತಿನಲ್ಲಿ ಆರೋಪಿಗೆ ಬುದ್ಧಿ ನೆಟ್ಟಗಿತ್ತೇ ಎಂಬುದು ಒಂದು ಪ್ರಶ್ನೆ. ಈಗ, ವಿಚಾರಣೆಯ ಹೊತ್ತಿನಲ್ಲಿ, ಅವನಿಗೆ ಬುದ್ಧಿ ನೆಟ್ಟಗಿದೆಯೇ ಎಂಬುದು ಇನ್ನೊಂದು. ನಾನು ಹೇಳುತ್ತಿರುವುದು ಎರಡನೆಯದನ್ನು. ತನ್ನ ಮೇಲಿನ ಆರೋಪವೇನೆಂದು ತಿಳಿದು, ವಕೀಲರೊಂದಿಗೆ ಅರ್ಥವಾಗುವಂತೆ ಮಾತನಾಡಬಲ್ಲವನನ್ನು ಮಾತ್ರ ವಿಚಾರಣೆಗೆ ನಿಲ್ಲಿಸಬಹುದು. ಅಮೆರಿಕದ ಸುಪ್ರೀಂ ಕೋರ್ಟು 1960ರಲ್ಲಿ ಹಾಕಿಕೊಟ್ಟ ಅಳತೆಗೋಲು ಇದು. ಮೂಕನ ಮೇಲೆ ದೂರು ಹೇಳಿ, ಉತ್ತರ ಬರಲಿಲ್ಲವೆಂದು ಶಿಕ್ಷೆ ಕೊಟ್ಟರೆ ಅದು ನ್ಯಾಯವಾದೀತೆ? ಅದಕ್ಕೇ ಈ ನಿಯಮ. ಅಂಥ ಆರೋಪಿಯ ವಿಚಾರಣೆ ನಿಲ್ಲುತ್ತದೆ. ಚಿಕಿತ್ಸೆ ಕೊಟ್ಟು, ಅವನು ಸ್ಥಿಮಿತಕ್ಕೆ ಬಂದ ಮೇಲೆ ಮತ್ತೆ ಶುರುವಾಗುತ್ತದೆ.

ಚಿಕಿತ್ಸೆ ಎಲ್ಲಿ ಎನ್ನುವುದಕ್ಕೆ ಬಹುಕಾಲ ಒಂದೇ ಉತ್ತರವಿತ್ತು: ರಾಜ್ಯ ಸರ್ಕಾರದ ಮಾನಸಿಕ ಆಸ್ಪತ್ರೆ. ಆ ಆಸ್ಪತ್ರೆಗಳು ಬೆಳೆದ ಕಥೆಯೇ ಕೇಳುವಂಥದು. 1841ರಲ್ಲಿ ಡೊರೊಥಿಯಾ ಡಿಕ್ಸ್ ಎಂಬ ಶಿಕ್ಷಕಿ ಮ್ಯಾಸಚೂಸೆಟ್ಸ್ ರಾಜ್ಯದ ಒಂದು ಜೈಲಿಗೆ ಕೈದಿ ಹೆಂಗಸರಿಗೆ ಪಾಠ ಹೇಳಲು ಹೋದರು. ಅಲ್ಲಿ ಬುದ್ಧಿಭ್ರಮಣೆಯಾದವರನ್ನು ಬೆಂಕಿಯ ಕಾವೂ ಇಲ್ಲದ ಚಳಿ ಕೋಣೆಗಳಲ್ಲಿ ಕೂಡಿಹಾಕಿದ್ದನ್ನು ಕಂಡರು. ರಾಜ್ಯದ ಊರೂರು ಸುತ್ತಿ, ಕಂಡದ್ದನ್ನೆಲ್ಲ ಬರೆದು, 1843ರಲ್ಲಿ ಶಾಸನಸಭೆಯ ಮುಂದಿಟ್ಟರು. ಇವರು ಕೈದಿಗಳಲ್ಲ, ರೋಗಿಗಳು ಎಂಬುದೇ ಆ ತಾಯಿಯ ವಾದ. ಅವರ ದುಡಿಮೆಯಿಂದ ಹಲವು ರಾಜ್ಯಗಳಲ್ಲಿ ಆಸ್ಪತ್ರೆಗಳು ಎದ್ದವು.

ಕಾಲ ಕಳೆದಂತೆ ಆ ಆಸ್ಪತ್ರೆಗಳೇ ದೊಡ್ಡ ದೊಡ್ಡ ದೊಡ್ಡಿಗಳಾದವು. 1955ರಲ್ಲಿ ಅವುಗಳಲ್ಲಿ ಸುಮಾರು 5,58,000 ರೋಗಿಗಳಿದ್ದರು. ಹೊಸ ಔಷಧಿಗಳು ಬಂದವು, ಜನರನ್ನು ಊರಿನಲ್ಲೇ ನೋಡಿಕೊಳ್ಳೋಣ ಎಂಬ ವಿಚಾರ ಬಂತು. ಆಸ್ಪತ್ರೆಗಳನ್ನು ಮುಚ್ಚುತ್ತ ಹೋದರು. ಊರಿನಲ್ಲಿ ಆಗಬೇಕಿದ್ದ ಏರ್ಪಾಡು ಮಾತ್ರ ಬೇಕಾದಷ್ಟು ಆಗಲಿಲ್ಲ. 2016ರ ಹೊತ್ತಿಗೆ ಇಡೀ ದೇಶದಲ್ಲಿ ಉಳಿದದ್ದು 40 ಸಾವಿರಕ್ಕೂ ಕಡಿಮೆ ಹಾಸಿಗೆ. ಮನೆಯಿಲ್ಲದ, ಮದ್ದಿಲ್ಲದ ರೋಗಿ ಬೀದಿಗೆ ಬಿದ್ದ. ಬೀದಿಯಿಂದ ಪೊಲೀಸರ ಕೈಗೆ, ಅಲ್ಲಿಂದ ಕೌಂಟಿ ಜೈಲಿಗೆ, ಅಂದರೆ ನಮ್ಮ ಜಿಲ್ಲಾ ಜೈಲಿನಂಥ ಸ್ಥಳಕ್ಕೆ. ಡಿಕ್ಸ್ ಅವರು ಎಲ್ಲಿಂದ ಬಿಡಿಸಲು ಹೊರಟಿದ್ದರೋ ಅಲ್ಲಿಗೇ ಮರಳಿ ಬಂದಂತಾಯಿತು.

ಈಗ ನ್ಯಾಯಾಧೀಶರು ‘ಇವನಿಗೆ ಚಿಕಿತ್ಸೆ ಕೊಡಿಸಿ’ ಎಂದು ಆಜ್ಞೆ ಮಾಡುತ್ತಾರೆ. ಆಸ್ಪತ್ರೆಯಲ್ಲಿ ಹಾಸಿಗೆ ಖಾಲಿ ಇರುವುದಿಲ್ಲ. ಸರತಿ ಬರುವತನಕ ರೋಗಿ ಜೈಲಿನಲ್ಲೇ ಕಾಯಬೇಕು, ವಾರಗಟ್ಟಲೆ, ತಿಂಗಳುಗಟ್ಟಲೆ. ತಪ್ಪು ಸಾಬೀತಾಗಿಲ್ಲ, ಜಾಮೀನು ಸಿಕ್ಕಿಲ್ಲ, ರೋಗ ಮಾತ್ರ ಬಲಿಯುತ್ತದೆ.

ಈ ಸಂಕಟದಿಂದ ಹುಟ್ಟಿದ ಉಪಾಯವೇ ಜೈಲಿನೊಳಗಿನ ಚಿಕಿತ್ಸೆ. ಕ್ಯಾಲಿಫೋರ್ನಿಯಾ ರಾಜ್ಯ 2011ರಲ್ಲಿ ಸ್ಯಾನ್ ಬರ್ನಾರ್ಡಿನೊ ಕೌಂಟಿಯ ಜೈಲಿನಲ್ಲಿ ಇದನ್ನು ಪ್ರಯೋಗಿಸಿತು. ಜೈಲಿನಲ್ಲೇ ಒಂದು ವಿಭಾಗ ಬೇರೆ ಮಾಡಿ, ಖಾಸಗಿ ಸಂಸ್ಥೆಯ ವೈದ್ಯರನ್ನು ನೇಮಿಸಿ, ಮದ್ದಿನ ಜೊತೆಗೆ ಕೋರ್ಟಿನ ಪಾಠವನ್ನೂ ಹೇಳಿಕೊಟ್ಟರು. ನ್ಯಾಯಾಧೀಶರೆಂದರೆ ಯಾರು, ನಿನ್ನ ಪರವಾಗಿ ಮಾತನಾಡುವವರು ಯಾರು, ತಪ್ಪೊಪ್ಪಿಕೊಂಡರೆ ಏನಾಗುತ್ತದೆ ಎಂಬ ಪಾಠ. ರಾಜ್ಯ ಆಸ್ಪತ್ರೆಯಲ್ಲಿ ದಿನಕ್ಕೆ ಒಬ್ಬರಿಗೆ ಸುಮಾರು 450 ಡಾಲರ್ ಖರ್ಚಾದರೆ ಇಲ್ಲಿ ಸುಮಾರು 278 ಡಾಲರ್. ಚಿಕಿತ್ಸೆಯೂ ಬೇಗ ಶುರುವಾಯಿತು. ಹೀಗಾಗಿ ಆ ರಾಜ್ಯದ ಹಲವು ಕೌಂಟಿಗಳಿಗೆ ಈ ಪದ್ಧತಿ ಹಬ್ಬಿತು.

ಇದನ್ನು ಸುಮ್ಮನೆ ತಳ್ಳಿಹಾಕಲಾಗದು. ಮದ್ದೇ ಇಲ್ಲದೆ ಕತ್ತಲೆ ಕೋಣೆಯಲ್ಲಿ ಕೂರುವುದಕ್ಕಿಂತ ಅದೇ ಗೋಡೆಯೊಳಗೆ ವೈದ್ಯರು ಸಿಗುವುದು ಮೇಲಲ್ಲವೆ? ಆದರೆ ಮೂರು ಮಾತು ಮರೆಯಬಾರದು.

ಮೊದಲನೆಯದು, ಜೈಲನ್ನು ಕಟ್ಟಿದ್ದು ಕಾವಲಿಗೆ, ಆರೈಕೆಗಲ್ಲ. ಗದ್ದಲ, ಬೀಗ, ಸಮವಸ್ತ್ರ, ಒಂಟಿ ಕೋಣೆ ಇವು ಹೆದರಿದ ಮನಸ್ಸನ್ನು ಇನ್ನಷ್ಟು ಹೆದರಿಸುತ್ತವೆ. ಹೊರಗೆ ಫಲಕ ಬದಲಾಯಿಸಿದ ಮಾತ್ರಕ್ಕೆ ಒಳಗಿನ ಗಾಳಿ ಬದಲಾಗುವುದಿಲ್ಲ.

ಎರಡನೆಯದು, ಅಲ್ಲಿ ಮಾಡುವ ಚಿಕಿತ್ಸೆಯ ಗುರಿ ವಿಚಾರಣೆಗೆ ತಕ್ಕಷ್ಟು ಸ್ಥಿಮಿತ ತರುವುದು, ಅಷ್ಟೇ. ಮನುಷ್ಯ ಪೂರ್ತಿ ಚೇತರಿಸಿಕೊಂಡನೇ ಎಂದು ಕೋರ್ಟು ಕೇಳುವುದಿಲ್ಲ. ಕಟಕಟೆಯಲ್ಲಿ ನಿಲ್ಲುವಷ್ಟು ಸರಿಯಾದವನು ಬಿಡುಗಡೆಯಾಗಿ ಹೊರಬಂದ ದಿನ ಮದ್ದು ಕೊಡುವವರಿಲ್ಲದೆ ಮತ್ತೆ ಬೀದಿಗೆ ಬೀಳಬಹುದು.

ಮೂರನೆಯದು, ಅಗ್ಗವಾದದ್ದು ಬೇಗ ಅಭ್ಯಾಸವಾಗುತ್ತದೆ. ಹೊಳೆ ದಾಟಲು ಹಾಕಿದ ಮರದ ದಿಮ್ಮಿಯನ್ನೇ ಸೇತುವೆ ಎಂದು ಕರೆದು, ಸೇತುವೆ ಕಟ್ಟುವುದನ್ನೇ ಬಿಟ್ಟುಬಿಟ್ಟರೆ?

ಅದಕ್ಕಾಗಿಯೇ ಅಲ್ಲಿಯ ಕೋರ್ಟುಗಳು ದಿನಗಳ ಲೆಕ್ಕ ಹಿಡಿದವು. ಇಂಡಿಯಾನಾ ರಾಜ್ಯದಲ್ಲಿ ಕಿವಿ ಕೇಳದ, ಮಾತು ಬಾರದ, ಬುದ್ಧಿ ಬಲಿಯದ ಒಬ್ಬ ತರುಣನ ಮೇಲೆ ಒಟ್ಟು 9 ಡಾಲರ್ ಬೆಲೆಯ ಎರಡು ಸುಲಿಗೆಗಳ ಆರೋಪವಿತ್ತು. ಅವನು ಸುಧಾರಿಸುವ ಲಕ್ಷಣವೇ ಇರಲಿಲ್ಲ. ಸುಧಾರಿಸುವತನಕ ಕೂಡಿಡಿ ಎಂದರೆ ಜೀವಾವಧಿಯೇ ಸರಿ. 1972ರಲ್ಲಿ ಸುಪ್ರೀಂ ಕೋರ್ಟು ಅದನ್ನು ಒಪ್ಪಲಿಲ್ಲ. ವಿಚಾರಣೆಗೆ ತಕ್ಕವನಲ್ಲ ಎಂಬ ಒಂದೇ ಕಾರಣಕ್ಕೆ ಯಾರನ್ನೂ ಕೊನೆಯಿಲ್ಲದೆ ಇಟ್ಟುಕೊಳ್ಳುವಂತಿಲ್ಲ ಎಂದಿತು. 2015ರಲ್ಲಿ ವಾಷಿಂಗ್ಟನ್ ರಾಜ್ಯದ ಫೆಡರಲ್ ನ್ಯಾಯಾಧೀಶೆ ಮಾರ್ಷಾ ಪೆಕ್‌ಮನ್ ಅವರು ಚಿಕಿತ್ಸೆಗೆ 7 ದಿನದೊಳಗೆ ಸೇರಿಸಿಕೊಳ್ಳಬೇಕೆಂದು ಆಜ್ಞೆ ಮಾಡಿದರು. ರಾಜ್ಯ ಪಾಲಿಸಲಿಲ್ಲ. 2023ರಲ್ಲಿ ಅದೇ ನ್ಯಾಯಾಧೀಶೆ ಆ ಸರ್ಕಾರಕ್ಕೆ 10 ಕೋಟಿ ಡಾಲರ್ ದಂಡ ತೆರಲು ಹೇಳಿದರು.

ಬೇರೆ ದಾರಿಯೂ ಅಲ್ಲಿ ಕಂಡಿದೆ. ಫ್ಲಾರಿಡಾದ ಮಯಾಮಿಯಲ್ಲಿ ನ್ಯಾಯಾಧೀಶ ಸ್ಟೀವನ್ ಲೈಫ್‌ಮನ್ ಅವರು 2000ದಲ್ಲಿ ಒಂದು ಯೋಜನೆ ಆರಂಭಿಸಿದರು. ಸಣ್ಣಪುಟ್ಟ ಆರೋಪದ ರೋಗಿಗಳನ್ನು ಜೈಲಿನಿಂದ ಬಿಡಿಸಿ ಚಿಕಿತ್ಸೆಯ ಕಡೆಗೆ, ವಸತಿಯ ಕಡೆಗೆ ಕಳಿಸುವುದು ಅದರ ಕೆಲಸ. ಜೈಲೋ ಆಸ್ಪತ್ರೆಯೋ ಎಂಬ ಎರಡೇ ಉತ್ತರದ ಪ್ರಶ್ನೆಗೆ ಅವರು ಕಂಡುಕೊಂಡ ಮೂರನೆಯ ಉತ್ತರ: ಊರು.

ಇನ್ನು ನಮ್ಮ ಕಡೆಗೆ ಬರೋಣ. ನಮ್ಮಲ್ಲಿ ಹೀಗಿಲ್ಲ ಎಂದು ಯಾರೂ ನೆಮ್ಮದಿಪಡಬೇಡಿ. 1951ರಲ್ಲಿ ಬಂಧಿತನಾದ ಅಸ್ಸಾಮಿನ ಒಬ್ಬ ಬುಡಕಟ್ಟಿನ ಮನುಷ್ಯ ಮಾನಸಿಕ ಆಸ್ಪತ್ರೆಯಲ್ಲೂ ಜೈಲಿನಲ್ಲೂ ಕಳೆದು, ವಿಚಾರಣೆಯೇ ಇಲ್ಲದೆ, 54 ವರ್ಷದ ಮೇಲೆ 2005ರಲ್ಲಿ ಹೊರಬಂದ. ಅವನಿಗೆ ಗುಣವಾಗಿದೆ ಎಂದು ವೈದ್ಯರು ಹೇಳಿದ್ದು 1967ರಲ್ಲೇ. ಯಾವ ಅಪರಾಧವನ್ನೂ ಮಾಡದ ಮನೋರೋಗಿಗಳನ್ನು ಜೈಲಿನಲ್ಲಿಡುವುದು ಸಂವಿಧಾನಬಾಹಿರ ಎಂದು ನಮ್ಮ ಸುಪ್ರೀಂ ಕೋರ್ಟು 1993ರಲ್ಲಿ ಸ್ಪಷ್ಟವಾಗಿ ಹೇಳಬೇಕಾಯಿತು.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 103ನೆಯ ಕಲಮು ಪ್ರತಿ ರಾಜ್ಯದಲ್ಲಿ ಕನಿಷ್ಠ ಒಂದು ಜೈಲಿನ ವೈದ್ಯಕೀಯ ವಿಭಾಗದಲ್ಲಿ ಮಾನಸಿಕ ಚಿಕಿತ್ಸಾ ಘಟಕವಿರಬೇಕೆಂದು ಹೇಳುತ್ತದೆ. ಅಂದರೆ ಜೈಲಿನೊಳಗಿನ ಚಿಕಿತ್ಸೆಯನ್ನು ನಾವೂ ಒಪ್ಪಿದ್ದೇವೆ. ಅಮೆರಿಕದ ಪಾಠ ಇಲ್ಲಿ ನಮಗೆ ಬೇಕು: ಎಷ್ಟು ದಿನ, ಆಮೇಲೆ ಎಲ್ಲಿಗೆ ಎಂಬ ಎರಡು ಪ್ರಶ್ನೆಗಳಿಗೆ ಉತ್ತರವಿಲ್ಲದ ಘಟಕ ಬರೀ ಇನ್ನೊಂದು ಕೋಣೆಯಾಗುತ್ತದೆ.

ಎರಡನೆಯ ಪ್ರಶ್ನೆಗೆ ಉತ್ತರ ನಮ್ಮ ಕಾನೂನಿನಲ್ಲೇ ಇದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 369ನೆಯ ಕಲಮನ್ನು ನೋಡಿ. ಆರೋಪಿಯನ್ನು ಆಸ್ಪತ್ರೆಯಲ್ಲಿ ಇರಿಸಲೇಬೇಕಾದ ಅಗತ್ಯವಿಲ್ಲದಿದ್ದರೆ, ಹತ್ತಿರದ ವೈದ್ಯರಲ್ಲಿ ತಪ್ಪದೆ ಚಿಕಿತ್ಸೆ ಕೊಡಿಸುತ್ತೇವೆ, ಅವನು ತನಗಾಗಲಿ ಪರರಿಗಾಗಲಿ ಹಾನಿ ಮಾಡದಂತೆ ನೋಡಿಕೊಳ್ಳುತ್ತೇವೆ ಎಂದು ಒಬ್ಬ ಬಂಧು ಅಥವಾ ಸ್ನೇಹಿತ ಬರೆದುಕೊಟ್ಟರೆ, ನ್ಯಾಯಾಲಯ ಅವನನ್ನು ಜಾಮೀನಿನ ಮೇಲೆ ಬಿಡಬೇಕು.

ಸ್ನೇಹಿತ ಎಂಬ ಆ ಒಂದು ಶಬ್ದದ ಮೇಲೆ ನಿಮ್ಮ ಗಮನ ಇರಲಿ. ಮನೆಯವರು ಕೈಬಿಟ್ಟವನಿಗೆ ಬಂಧು ಎಲ್ಲಿಂದ ಬರಬೇಕು? ಕಾನೂನು ಬಾಗಿಲು ತೆರೆದಿದೆ, ಬಾಗಿಲಲ್ಲಿ ನಿಂತು ಕರೆದೊಯ್ಯುವವರು ಬೇಕು. ಮಾನಸಿಕ ಆರೋಗ್ಯ ಸೇವೆಯನ್ನು ಜಿಲ್ಲೆಯ ಮಟ್ಟಕ್ಕೆ ತರಬಹುದೆಂದು ನಿಮ್ಹಾನ್ಸ್ 1980ರ ದಶಕದಲ್ಲಿ ತೋರಿಸಿದ್ದು ನಮ್ಮ ಬಳ್ಳಾರಿಯಲ್ಲೇ. ಅದೇ ಮಾದರಿಯ ಮೇಲೆ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. ಧಾರವಾಡದಲ್ಲಿ ಡಿಮ್ಹಾನ್ಸ್ ಇದೆ. ಬಂಧನದಲ್ಲಿರುವವರಿಗೆ ಉಚಿತ ವಕೀಲರನ್ನು ಕೊಡಲು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರವಿದೆ. ಇವುಗಳ ನಡುವೆ ಓಡಾಡುವ ಮನುಷ್ಯನೇ ಸಾಲದು.

ಅದಕ್ಕೇ ಒಂದು ಸಣ್ಣ ಕೋರಿಕೆ. ಪ್ರತಿ ತಾಲ್ಲೂಕಿನಲ್ಲಿ ನಾಲ್ಕು ಜನರ ಒಂದು ತಂಡ ಆಗಲಿ: ಒಬ್ಬರು ವಕೀಲರು, ಒಬ್ಬರು ಆರೋಗ್ಯ ಇಲಾಖೆಯಲ್ಲಿ ದುಡಿದವರು, ಇಬ್ಬರು ಹೊತ್ತು ಕೊಡಬಲ್ಲವರು. ಪ್ರಾಧಿಕಾರದ ಮೂಲಕ ಕೇಳಿ ತಿಳಿಯಲಿ: ನಮ್ಮ ಜೈಲಿನಲ್ಲಿ ವಿಚಾರಣೆ ನಿಂತು ಕೂತ ಮನೋರೋಗಿ ಇದ್ದಾನೆಯೇ, ಎಷ್ಟು ದಿನವಾಯಿತು, ಯಾರಾದರೂ ಕಾಣಲು ಬಂದರೆ? ಎಲ್ಲರನ್ನೂ ಬಿಡಿಸಲಾಗದು. ಆಸ್ಪತ್ರೆಯೇ ಬೇಕಾದವರಿದ್ದಾರೆ, ಹೊರಗೆ ಬಿಟ್ಟರೆ ಅಪಾಯವಿರುವವರೂ ಇದ್ದಾರೆ. ಅದನ್ನು ವೈದ್ಯರು, ನ್ಯಾಯಾಧೀಶರು ತೀರ್ಮಾನಿಸಲಿ. ಮನೆಗೆ ಹೋಗಬಲ್ಲವನು ಕರೆಯುವವರಿಲ್ಲ ಎಂಬ ಕಾರಣಕ್ಕೆ ಒಳಗೆ ಉಳಿಯಬಾರದು. ಮಠಗಳಲ್ಲಿ ದಾಸೋಹವಿದೆ, ತಂಗಲು ಕೋಣೆಗಳಿವೆ. ತಿಂಗಳಿಗೊಮ್ಮೆ ಜಿಲ್ಲಾ ಆಸ್ಪತ್ರೆಗೆ ಕರೆದೊಯ್ದು ಗುಳಿಗೆ ಕೊಡಿಸುವುದು ನಮ್ಮ ಕೈಮೀರಿದ ಕೆಲಸವೇನಲ್ಲ.

ಜೈಲು ಆಸ್ಪತ್ರೆಯಾಗಬಲ್ಲದೆ ಎಂದು ಕೇಳಿದೆ. ಕೆಲವು ದಿನದ ಮಟ್ಟಿಗೆ, ಕಣ್ಗಾವಲಿದ್ದರೆ, ಆಗಬಹುದು. ಮನೆಯಂತೂ ಎಂದೂ ಆಗಲಾರದು. ಆ ಕೆಲಸ ಉಳಿದಿರುವುದು ಹೊರಗಿರುವ ನಮಗೆ.