ಅಗಲಿದ ಹಿರಿಯ ಗೆಳೆಯರನ್ನು ನೆನೆದು



ಶತಮಾನೋತ್ಸವದ ಸಂತಸದ ನಡುವೆ, 2024ರ ಜುಲೈ 10ರಂದು ದೈವಾಧೀನರಾದ ಪರಮಪೂಜ್ಯ ಅಲ್ಫೋನ್ಸಸ್ ಮಥಾಯಸರನ್ನು ನಾವು ಕೃತಜ್ಞತೆಯಿಂದ ಸ್ಮರಿಸುತ್ತೇವೆ.

1963ರಲ್ಲಿ ಚಿಕ್ಕಮಗಳೂರು ಧರ್ಮಪ್ರಾಂತ್ಯವು ಉದಯಿಸಿದಾಗ, 35ರ ಪ್ರಾಯದ ಅವರು ಪ್ರಥಮ ಧರ್ಮಾಧ್ಯಕ್ಷರಾದರು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳಲ್ಲಿ ಸೇವೆ ಸಲ್ಲಿಸಿದ ಗುರುಗಳಾದ ನಮಗೆ ಅವರು ಮೇಲಧಿಕಾರಿಗಿಂತ ಮಿಗಿಲಾಗಿ ಸಹಸೇವಕರು, ಸ್ನೇಹಿತರು. 1986ರಲ್ಲಿ ಅವರು ಬೆಂಗಳೂರಿನ ಮಹಾಧರ್ಮಾಧ್ಯಕ್ಷರಾಗಿ ತೆರಳಿದಾಗ ಹೆಮ್ಮೆಪಟ್ಟೆವು, ಒಳಗೊಳಗೇ ಮರುಗಿದೆವು.

ಧರ್ಮಾಧ್ಯಕ್ಷರು 75 ತುಂಬಿದಾಗ ರಾಜೀನಾಮೆ ಸಲ್ಲಿಸುವುದು ಧರ್ಮಸಭೆಯ ನಿಯಮ. ಅವರಾದರೋ 1998ರಲ್ಲಿ, 69ರ ಪ್ರಾಯದಲ್ಲೇ, ಪದವಿಯ ಭಾರವನ್ನು ಇಳಿಸಿಟ್ಟರು. ಮತ್ತೆ 26 ವರ್ಷ ಅಧಿಕಾರವಿಲ್ಲದೆ ಗುರುವಾಗಿಯೇ ಬಾಳಿದರು. ಸಣ್ಣ ಸ್ಥಾನಗಳನ್ನೂ ಬಿಡಲೊಲ್ಲದ ನಾವು ಈ ಪಾಠವನ್ನು ಕಲಿತಿದ್ದೇವೆಯೇ? ಕಲಿಯುವುದೇ ಅವರಿಗೆ ಸಲ್ಲಿಸುವ ನಿಜವಾದ ಶ್ರದ್ಧಾಂಜಲಿ.

ಅವರ ಆತ್ಮಕ್ಕೆ ಚಿರಶಾಂತಿ ದೊರೆಯಲಿ.